ಗುರುತು ಸಿಗದ ಕೈ

ಬೆಳಗಿನ ಆರು ಗಂಟೆ ಹತ್ತು ನಿಮಿಷಕ್ಕೆ ಬರ್ಮಾದ ಒಂದು ಊರಿನ ವೈರ್‌ಲೆಸ್ ಸ್ಟೇಶನ್ ಕೂಗಿತು. ನಾನು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಪೆನ್ಸಿಲ್ ಹಿಡಿದೆ. ಒಂದು ಸಾಲು ಬರೆಯುವಷ್ಟರಲ್ಲಿ ಪೆನ್ಸಿಲ್ ನಿಂತಿತು. ಸ್ಟೇಶನ್ ಅದೇ, ಹೊತ್ತೂ ಅದೇ. ಆದರೆ ಕಳಿಸುತ್ತಿದ್ದ ಕೈ ನನ್ನ ಭಾಮೈದನದಲ್ಲ.

ಇದು ನಲವತ್ತೊಂಬತ್ತರ ಮಾತು, ಇನ್ನೂ ಬೇಸಿಗೆ ಬಲಿತಿರಲಿಲ್ಲ. ವಿಮಾನಪುರದ ಆಚೆ ರನ್‌ವೇ ಪಕ್ಕದಲ್ಲಿ ಒಂದು ತಗಡಿನ ಶೆಡ್ಡು, ಅದರಲ್ಲಿ ವೈರ್‌ಲೆಸ್ ಯಂತ್ರಗಳು, ಅವುಗಳ ಮುಂದೆ ನಾನು. ನಮ್ಮ ಕೆಲಸದಲ್ಲಿ ಮಾತು ಹೋಗುವುದಿಲ್ಲ. ಕೀ ಎಂಬ ಪುಟ್ಟ ಹಿತ್ತಾಳೆಯ ಸನ್ನೆಗೋಲನ್ನು ಬೆರಳಿನಿಂದ ಒತ್ತಿ ಒತ್ತಿ ಚುಕ್ಕೆ ಮತ್ತು ಗೀಟುಗಳಲ್ಲಿ ಅಕ್ಷರ ಕಳಿಸಬೇಕು. ಚುಕ್ಕೆ, ಗೀಟು ಎಲ್ಲರಿಗೂ ಒಂದೇ, ಆದರೆ ಒತ್ತುವ ರೀತಿ ಒಬ್ಬೊಬ್ಬರದು ಒಂದೊಂದು. ದೂರದಲ್ಲಿ ನಡೆದು ಬರುವವರ ನಡಿಗೆ ನೋಡಿಯೇ ಇಂಥವರು ಅನ್ನುತ್ತೇವಲ್ಲ, ಹಾಗೆ. ಇದಕ್ಕೆ ನಾವು ‘ಕೈ’ ಅನ್ನುತ್ತಿದ್ದೆವು. ಕೈ ಗುರುತಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಕಡೆ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚಾಗಿ ನಾನೇ ಹೇಳಿಕೊಳ್ಳುತ್ತಿದ್ದೆ. ಅಷ್ಟು ಜಂಬ ನನಗೆ.

ಭಾಮೈದನ ಕೈ ಅಂತೂ ನಿದ್ದೆಯಲ್ಲಿಯೂ ಗೊತ್ತಾಗುತ್ತಿತ್ತು. ಪ್ರತಿ ಪದದ ಕೊನೆಯ ಗೀಟನ್ನು ಬಾಲದ ಹಾಗೆ ಎಳೆಯುವುದು ಅವನ ಚಟ. ಅವನು ಹಲಸೂರಿನ ನಮ್ಮ ಸೋದರತ್ತೆಯ ಮಗ. ಅವನ ಅಕ್ಕನನ್ನೇ ನಾನು ಮದುವೆಯಾದದ್ದು. ಯುದ್ಧದ ಕಾಲಕ್ಕೆ ನಾವಿಬ್ಬರೂ ಒಟ್ಟಿಗೇ ಸೈನ್ಯಕ್ಕೆ ಭರ್ತಿಯಾಗಿ ಕಂಟೋನ್ಮೆಂಟಿನ ಟ್ರೈನಿಂಗ್ ಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಕೀ ಒತ್ತಲು ಕಲಿತೆವು. ನನ್ನನ್ನು ಇಲ್ಲೇ ಉಳಿಸಿಕೊಂಡರು, ಅವನನ್ನು ಬರ್ಮಾಕ್ಕೆ ಕಳಿಸಿದರು. ಯುದ್ಧ ಮುಗಿದರೂ ಅವನು ಬರಲಿಲ್ಲ. ಅಲ್ಲೇ ಕೆಲಸ ಹಿಡಿದ, ಅಲ್ಲಿಯ ಹುಡುಗಿಯನ್ನು ಮದುವೆಯಾದ, ಒಂದು ಗಂಡು ಮಗುವಾಯಿತು, ಆ ದೇಶದ ಪ್ರಜೆ ಎಂದು ಕಾಗದವನ್ನೂ ಮಾಡಿಸಿಕೊಂಡ. ಅವರಿಗೆ ಸ್ವಾತಂತ್ರ್ಯ ಬಂದು ಹೊಸ ಸೈನ್ಯಕ್ಕೆ ಕೀ ಒತ್ತಬಲ್ಲವರು ಬೇಕಾದಾಗ ಮತ್ತೆ ಯೂನಿಫಾರ್ಮ್ ಹಾಕಿದ. ವರ್ಷ ತುಂಬುವಷ್ಟರಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ನಿನ್ನೆಯವರೆಗೆ ಒಂದೇ ಬ್ಯಾರಕ್ಕಿನಲ್ಲಿ ಮಲಗಿದವರು ಎರಡು ಪಾಲಾಗಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಿದ್ದರು. ಅವರವರ ಜಗಳದಲ್ಲಿ ನಿನಗೇನು ಕೆಲಸ, ಹೆಂಡತಿ ಮಗುವನ್ನು ಕಟ್ಟಿಕೊಂಡು ಬಂದುಬಿಡು ಎಂದು ನಮ್ಮ ಜೊತೆಯಲ್ಲೇ ಇದ್ದ ಅತ್ತೆ ನನ್ನ ಕೈಲಿ ಮೂರು ಕಾಗದ ಬರೆಸಿದಳು. ಒಂದಕ್ಕೆ ಉತ್ತರ ಬಂತು. ಇಲ್ಲಿಯ ಅನ್ನ ತಿಂದಿದ್ದೇನೆ, ಜಗಳ ಬಂದಾಗ ಎದ್ದು ಬಂದರೆ ಚೆನ್ನಾಗಿರುವುದಿಲ್ಲ ಎಂದು ಬರೆದಿದ್ದ.

ಆಮೇಲೆ ಅವನಿದ್ದ ಊರನ್ನು ದಂಗೆಯವರು ಮೂರು ಕಡೆಯಿಂದ ಮುತ್ತಿದರು. ರಸ್ತೆ, ರೈಲು ಎರಡೂ ಹೋದವು. ಉಳಿದದ್ದು ಊರ ಹೊರಗಿನ ಮಣ್ಣಿನ ರನ್‌ವೇ ಒಂದೇ. ಬಾಡಿಗೆಗೆ ಹಾರಿಸುವ ಒಂದು ಕಂಪನಿಯ ಡಕೋಟಾ ವಿಮಾನ ಅಲ್ಲಿಗೆ ಔಷಧಿ ಒಯ್ದು, ಗಾಯಾಳುಗಳನ್ನೂ ಹೆಂಗಸರು ಮಕ್ಕಳನ್ನೂ ತರಬೇಕಾಗಿತ್ತು. ಆ ವಿಮಾನ ಎಂಜಿನ್ ಬದಲಿಸಿಕೊಂಡು ನಮ್ಮ ಏರೋಡ್ರೋಮಿನಲ್ಲೇ ನಿಂತಿತ್ತು. ಪೈಲಟ್ ಐರ್ಲೆಂಡಿನವನು, ಕೆಂಪು ಕೂದಲು, ಮಾತು ಕಡಿಮೆ. ರನ್‌ವೇ ನಮ್ಮ ಕೈಯಲ್ಲಿದೆ, ಬನ್ನಿ ಎಂದು ಆ ಊರಿನಿಂದ ಬೆಳಗಿನ ಸಂದೇಶ ಬಂದರೆ ಅವನು ಹೊರಡುವುದೆಂದು ಏರ್ಪಾಡು. ನಸುಕಿನಲ್ಲಿ ಆ ಪುಟ್ಟ ಸ್ಟೇಶನ್ ನಮಗೆ ಚೆನ್ನಾಗಿ ಕೇಳುತ್ತಿತ್ತು. ಬಿಸಿಲೇರಿದರೆ ಬರೀ ಗರಗರ.

ಆ ಬೆಳಗ್ಗೆ ಬಂದ ಸಂದೇಶ ಇಷ್ಟೇ: ರನ್‌ವೇ ಸುರಕ್ಷಿತ, ಗಾಯಾಳುಗಳೂ ಸಂಸಾರಗಳೂ ಕಾದಿವೆ, ಕೂಡಲೇ ವಿಮಾನ ಕಳಿಸಿ, ನಮ್ಮ ರಿಸೀವರ್ ಕೆಟ್ಟಿದೆ, ನೀವು ಕಳಿಸಿದ್ದು ನಮಗೆ ಕೇಳುವುದಿಲ್ಲ.

ನಾನು ಪೆನ್ಸಿಲ್ ಕೆಳಗಿಟ್ಟೆ. ಎರಡು ವಾರದ ಹಿಂದೆ ಇನ್ನೊಂದು ಊರಿನಿಂದ ಇಂಥದೇ ಕರೆ ಬಂದಿತ್ತು. ಇಳಿದ ವಿಮಾನ ದಂಗೆಯವರ ಪಾಲಾಗಿ, ಅದರಲ್ಲಿದ್ದವರ ಸುದ್ದಿಯೇ ಇರಲಿಲ್ಲ. ಕೋಡ್ ಪುಸ್ತಕವೂ ಅವರ ಕೈಗೆ ಸಿಕ್ಕಿದ್ದರಿಂದ ಅದನ್ನು ನಂಬಿ ಗುರುತು ಹಿಡಿಯುವಂತಿರಲಿಲ್ಲ. ಈಗ ನೋಡಿದರೆ ಕೈ ಬೇರೆ, ಮೇಲೆ ರಿಸೀವರ್ ಕೆಟ್ಟಿದೆ ಎನ್ನುವ ನೆಪ. ಪ್ರಶ್ನೆ ಕೇಳಿದರೆ ಸಿಕ್ಕಿಬೀಳುತ್ತೇನೆಂದು ಕಳ್ಳ ಹೇಳುವ ಮಾತು ಇದೇ ಅಲ್ಲವೆ?

ಗೀಟುಗಳು ಮೊಟಕು, ಚುಕ್ಕೆಗಳು ಭಾರ. ನಾಲ್ಕೈದು ಪದಕ್ಕೊಮ್ಮೆ ಒಂದು ತಡೆ. ಭಾಮೈದನ ಬಾಲ ಎಲ್ಲಿಯೂ ಇಲ್ಲ.

ಇನ್‌ಚಾರ್ಜ್ ಸಾಹೇಬರು, ಕಂಟೋನ್ಮೆಂಟಿನಲ್ಲೇ ಹುಟ್ಟಿ ಬೆಳೆದ ತಮಿಳರು, ಪೈಲಟ್ಟನ್ನು ಜೊತೆಗೆ ಕರೆದುಕೊಂಡು ಬಂದರು. ಕಲ್ಕತ್ತಾದ ವೈರ್‌ಲೆಸ್ ಸ್ಟೇಶನ್ನಿನವರಿಗೂ ಇದೇ ಸಂದೇಶ ಸಿಕ್ಕಿದೆ, ನಿಜವೋ ಮೋಸವೋ ಅವರಿಗೆ ತಿಳಿಯುತ್ತಿಲ್ಲ, ಆ ಆಪರೇಟರನ ಕೈ ಬಲ್ಲವರು ನೀವೊಬ್ಬರೇ, ಏನನ್ನುತ್ತೀರಿ ಎಂದು ಕೇಳಿದರು. ಪೈಲಟ್ ಸಿಗರೇಟು ಹಚ್ಚದೆ ಬೆರಳಲ್ಲೇ ತಿರುಗಿಸುತ್ತ ನನ್ನನ್ನೇ ನೋಡುತ್ತಿದ್ದ.

“ಅವನಲ್ಲ ಸಾರ್,” ಎಂದೆ.

“ಗ್ಯಾರಂಟಿನಾ?”

“ನಮ್ಮಮ್ಮ ಕೂಗಿದ್ರೆ ಗೊತ್ತಾಗಲ್ವಾ? ಹಂಗೆ.”

ಬಂದ ಸಂದೇಶಗಳನ್ನು ಬರೆದಿಡುವ ಲಾಗ್ ಪುಸ್ತಕದಲ್ಲಿ ಹಾಗೆಯೇ ಬರೆದು ಸಹಿ ಹಾಕಿದೆ. ವಿಮಾನ ಹೊರಡಲಿಲ್ಲ. ಸಹಿ ಒಣಗುವಷ್ಟರಲ್ಲಿ ನನಗೆ ಅದರ ಅರ್ಥ ಹೊಳೆಯಿತು. ಕೀ ಮುಂದೆ ಬೇರೆಯವನು ಕೂತಿದ್ದಾನೆಂದರೆ ಭಾಮೈದ ಎಲ್ಲಿ? ಅವನು ಸತ್ತಿದ್ದಾನೆ ಎಂದು ನನ್ನ ಕೈಯಾರೆ ಬರೆದುಕೊಟ್ಟಂತೆ ಆಗಿತ್ತು.

ಡ್ಯೂಟಿ ಮುಗಿಸಿ ಸೈಕಲ್ ತುಳಿಯುತ್ತ ದೊಮ್ಮಲೂರಿನ ಹೊಲಗಳನ್ನು ದಾಟುವಾಗ ಮನೆಯಲ್ಲಿ ಏನು ಹೇಳಲಿ ಎಂಬುದೊಂದೇ ಯೋಚನೆ. ಬಾಗಿಲಲ್ಲೇ ಹೆಂಡತಿ ನಿಂತಿದ್ದಳು. ಇವತ್ತು ಕೇಳಿಸಿತಾ ಎಂದಳು. ಅವಳು ದಿನವೂ ಕೇಳುತ್ತಿದ್ದುದು ಅದೊಂದೇ ಮಾತು. ಅವನ ಸ್ಟೇಶನ್ ಕೂಗಿತೆಂದರೆ ತಮ್ಮ ಬದುಕಿದ್ದಾನೆಂದು ಅವಳ ಲೆಕ್ಕ. ಸ್ಟೇಶನ್ ಕೇಳಿಸಿತು ಎಂದೆ. ಅದು ಸುಳ್ಳಲ್ಲ. ಆದರೆ ಅವಳು ಒಳಗೆ ಹೋಗಿ ಅತ್ತೆಗೆ ಹೇಳಿ, ಅತ್ತೆ ದೇವರ ಮುಂದೆ ದೀಪ ಹಚ್ಚುವುದನ್ನು ನೋಡಲಾರದೆ ಹಿತ್ತಲಿಗೆ ಹೋಗಿ ಸುಮ್ಮನೆ ಕೈಕಾಲು ತೊಳೆಯುತ್ತ ನಿಂತೆ.

ಎರಡನೆಯ ಬೆಳಗ್ಗೆಯೂ ಅದೇ ಕೈ, ಅದೇ ಸಂದೇಶ. ಕೊನೆಯಲ್ಲಿ ಒಂದು ಸಾಲು ಹೆಚ್ಚು: ದಯವಿಟ್ಟು ಬೇಗ. ನನಗೆ ರೋಷವೇ ಬಂತು. ಇವನ ನಾಟಕ ನೋಡು ಎಂದುಕೊಂಡೆ. ಆದರೂ ಟ್ರೈನಿಂಗಿನ ಅಭ್ಯಾಸ, ಕೈ ಎಲ್ಲೆಲ್ಲಿ ತಡೆಯಿತೋ ಅಲ್ಲೆಲ್ಲ ಪೆನ್ಸಿಲ್ಲಿನಿಂದ ಅಡ್ಡಗೆರೆ ಹಾಕಿಕೊಂಡೆ. ಎಷ್ಟು ಹೊತ್ತು ತಡೆಯಿತು, ತಡೆದ ಮೇಲಿನ ಮೊದಲ ಅಕ್ಷರ ಹೇಗಿತ್ತು ಎಂಬುದನ್ನೂ ಗುರುತು ಮಾಡಿದೆ. ಒಂದು ಸಂಗತಿ ಮಾತ್ರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ತಪ್ಪು ಅಕ್ಷರ ಒಂದೂ ಇರಲಿಲ್ಲ. ಹೊಸಬನಾಗಿದ್ದರೆ ತಡವರಿಸಿದ ಕಡೆ ತಪ್ಪಬೇಕಿತ್ತು. ಇವನು ತಡೆಯುತ್ತಿದ್ದ, ತಪ್ಪುತ್ತಿರಲಿಲ್ಲ.

ಆ ಸಂಜೆ ಊಟಕ್ಕೆ ಕೂತಿದ್ದೆವು. ಅತ್ತೆಗೆ ಮಗನ ಮಾತು ಬಿಟ್ಟು ಬೇರೆ ಮಾತಿಲ್ಲ. ಅವನ ಮಗುವಿಗೆ ಈಗ ಎರಡು ತುಂಬಿರಬೇಕು, ತಾನೇ ತಿನ್ನುತ್ತದೋ ತಾಯಿ ತಿನ್ನಿಸುತ್ತಾಳೋ ಎನ್ನುತ್ತ, ಅಲ್ಲಿಂದ ಅವನ ಬಾಲ್ಯಕ್ಕೆ ಹೋದಳು.

“ಹುಟ್ಟಾ ಎಡಚ ಕಣಪ್ಪ ಅವ್ನು. ಎಡಗೈಲಿ ತಿಂತಾನೆ, ನಾಕು ಜನ ಏನಂತಾರೆ ಅಂತ, ಆ ಕೈನ ಸೊಂಟಕ್ಕೆ ಕಟ್ಟಿ ಕೂರಿಸ್ತಿದ್ದೆ. ಎಷ್ಟು ಅಳೋದು ಗೊತ್ತಾ ಮಗ.”

ತುತ್ತು ಕೈಯಲ್ಲೇ ಉಳಿಯಿತು.

ಟ್ರೈನಿಂಗ್ ಸ್ಕೂಲಿನಲ್ಲಿ ಒಂದು ದಿನ ಏರಿಯಲ್ ಕಂಬ ಹತ್ತುವಾಗ ಭಾಮೈದ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದ. ಪರೀಕ್ಷೆ ನಿನಗಾಗಿ ಕಾಯುವುದಿಲ್ಲ ಎಂದು ನಮ್ಮ ಹವಾಲ್ದಾರ ಗದರಿಸಿದ. ಇವನು ಸರಿ ಎಂದು ಕೀಯನ್ನು ಎಡಗಡೆಗೆ ಎಳೆದುಕೊಂಡು ಹತ್ತು ದಿನ ಎಡಗೈಯಲ್ಲೇ ಕಳಿಸಿದ. ಎರಡು ಕೈಗೂ ಸಂಬಳ ಕೇಳೋ ಎಂದು ನಾವೆಲ್ಲ ಅವನ ಕಾಲೆಳೆದಿದ್ದೆವು. ಆ ಎಡಗೈ ಹೇಗಿತ್ತು? ನೆನಪಿಗೆ ತಂದುಕೊಳ್ಳಲು ಎಷ್ಟು ತಿಣುಕಿದರೂ ಸಿಗಲಿಲ್ಲ. ನಕ್ಕದ್ದು ನೆನಪಿತ್ತು, ನಾದ ನೆನಪಿರಲಿಲ್ಲ. ಅಯ್ಯೋ ಮುಠ್ಠಾಳ, ನಗುವ ಬದಲು ಆಗ ಕೇಳಿಸಿಕೊಳ್ಳಬಾರದಿತ್ತೆ ಎಂದು ನನಗೆ ನಾನೇ ಬೈದುಕೊಂಡೆ. ಹೆಂಡತಿ ಯಾಕ್ರೀ, ಏನಾಯ್ತು ಎಂದು ಎರಡು ಸಲ ಕೇಳಿದಳು. ಹೊಟ್ಟೆ ಸರಿಯಿಲ್ಲ ಎಂದು ಎದ್ದೆ.

ಮೂರನೆಯ ದಿನ ಐದಕ್ಕೇ ಶೆಡ್ಡಿಗೆ ಹೋದೆ. ಲಾಗ್ ಪುಸ್ತಕ ತೆರೆದು, ನಾನು ಹಾಕಿದ್ದ ಅಡ್ಡಗೆರೆಗಳನ್ನು ಮುಂದಿಟ್ಟುಕೊಂಡು, ಅಭ್ಯಾಸಕ್ಕೆ ಇಟ್ಟಿದ್ದ ಹಳೆಯ ಕೀಯ ಮೇಲೆ ನನ್ನ ಎಡಗೈ ಇಟ್ಟು ಅದೇ ಸಂದೇಶವನ್ನು ಒತ್ತಿದೆ. ನಾಲ್ಕು ಪದಕ್ಕೆ ಮಣಿಕಟ್ಟು ಸೋತು ನಿಂತಿತು. ಮತ್ತೆ ಶುರುಮಾಡಿದಾಗ ಚುಕ್ಕೆ ಭಾರವಾಗಿ ಬಿತ್ತು, ಗೀಟು ಮೊಟಕಾಯಿತು. ಪುಸ್ತಕದಲ್ಲಿ ಗೆರೆ ಇದ್ದ ಕಡೆಯಲ್ಲೇ ಹೆಚ್ಚುಕಡಿಮೆ ನನ್ನ ಕೈಯೂ ತಡೆಯಿತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೆಯೇ. ಇದು ಹೊಸಬನ ಕೈಯಲ್ಲ, ಹಳಬನ ಇನ್ನೊಂದು ಕೈ.

ಆದರೂ ಭಯ ಹೋಗಲಿಲ್ಲ, ಬದಲಿಗೆ ದುಪ್ಪಟ್ಟಾಯಿತು. ದಂಗೆಯವರಲ್ಲಿಯೂ ಕೀ ಬಲ್ಲ ಎಡಚ ಒಬ್ಬನಿರಬಹುದು. ಅಥವಾ ಭಾಮೈದನೇ ಇದ್ದರೂ ತಲೆಗೆ ಬಂದೂಕು ಹಿಡಿದು ಕಳಿಸು ಎಂದಿರಬಹುದು. ನಾನು ಹೂಂ ಎಂದು, ವಿಮಾನ ಹೋಗಿ ಶತ್ರುಗಳ ಮಡಿಲಲ್ಲಿ ಇಳಿದರೆ ಆ ಪೈಲಟ್ಟನ ಜೀವ ನನ್ನ ಲೆಕ್ಕಕ್ಕೆ. ಉಹೂಂ ಎಂದೇ ಉಳಿದರೆ ಭಾಮೈದನ ಜೀವ. ಆರು ಹತ್ತಕ್ಕೆ ಸ್ಟೇಶನ್ ಕೂಗಿತು. ಕೈ ಹಿಂದಿನ ದಿನಕ್ಕಿಂತ ನಿಧಾನ, ಬ್ಯಾಟರಿ ಸೋತು ದನಿ ಕ್ಷೀಣ. ನಾನು ಕಣ್ಣು ಮುಚ್ಚಿ ಕೇಳಿದೆ. ಕೊನೆಯ ಪದದ ಕೊನೆಯ ಗೀಟನ್ನು ಆ ಸೋತ ಕೈ ಎಳೆಯಲು ನೋಡಿತು. ಎಳೆಯಲಾಗಲಿಲ್ಲ, ಅರ್ಧಕ್ಕೆ ಕಡಿದುಬಿತ್ತು. ಆದರೆ ನೋಡಿದ್ದು ನಿಜ.

ನಾನು ಎದ್ದು ಓಡಿದೆ. ಸಾಹೇಬರು ಆಗತಾನೇ ಕಾಫಿ ಲೋಟ ಕೈಗೆತ್ತಿಕೊಂಡಿದ್ದರು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಲೋಟ ಕೆಳಗಿಟ್ಟರು.

“ಮೊನ್ನೆ ಅವನಲ್ಲ ಅಂತ ಸೈನ್ ಹಾಕಿದ್ರಿ. ಇವತ್ತು ಅವನೇ ಅಂತೀರಿ. ಈಗ ಮಾತಾಡ್ತಾ ಇರೋದು ಆಪರೇಟರಾ, ಅವನ ಭಾವನಾ?”

ಅದು ನನಗೂ ಗೊತ್ತಿರಲಿಲ್ಲ. ಮೊನ್ನೆ ಮಾತಾಡಿದ್ದು ನನ್ನ ಜಂಬ ಸಾರ್, ಇವತ್ತು ಮಾತಾಡುತ್ತಿರುವುದು ಇವು ಎಂದು ಲಾಗ್ ಪುಸ್ತಕದ ಗೆರೆಗಳನ್ನು ತೋರಿಸಿದೆ. ಅವರು ಆ ಕಡೆಯೂ ಹೇಳಲಾರದೆ ಈ ಕಡೆಯೂ ಹೇಳಲಾರದೆ ಪೈಲಟ್ಟನ್ನು ಕರೆಸಿದರು. ಹಾರುವ ಪ್ರಾಣ ಅವನದು, ತೀರ್ಮಾನವೂ ಅವನದೇ.

ಪೈಲಟ್ ನನ್ನ ಎಡಗೈಯಲ್ಲಿ ಮತ್ತೊಮ್ಮೆ ಒತ್ತಿಸಿ ಕೇಳಿದ. ನಿನ್ನ ಭಾಮೈದ ಅಲ್ಲಿಯವನಲ್ಲವಲ್ಲ, ಇನ್ನೂ ಯಾಕಿದ್ದಾನೆ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದ. ಕಾಗದದಲ್ಲಿದ್ದ ಅನ್ನದ ಮಾತನ್ನು ಹೇಳಿದೆ. ಪೈಲಟ್ಟನ ಮುತ್ತಜ್ಜನ ತಮ್ಮನೂ ಹಸಿವು ತಾಳದೆ ಹಡಗು ಹತ್ತಿ ಅಮೆರಿಕಾಕ್ಕೆ ಹೋದವನಂತೆ. ಅಲ್ಲಿ ಕಾಲೂರುವಷ್ಟರಲ್ಲಿ ಅವರ ಅಂತರ್ಯುದ್ಧ ಬಂತು, ಸಿಪಾಯಿಯಾದ, ಎಲ್ಲಿ ಬಿದ್ದನೋ ಗೊತ್ತಿಲ್ಲ, ಅವನ ತಾಯಿ ಸಾಯುವವರೆಗೂ ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದಳೆಂದು ಮನೆಯಲ್ಲಿ ಹೇಳುತ್ತಾರೆ ಎಂದ. ಹಾಗೆಂದವನು ಟೋಪಿ ತೆಗೆದುಕೊಂಡು ಹೊರಟೇಬಿಟ್ಟ. ಒಂಬತ್ತು ಗಂಟೆಗೆ ಡಕೋಟಾ ಕಗ್ಗದಾಸಪುರದ ಕೆರೆಯ ಮೇಲೆ ತಿರುಗಿ ಪೂರ್ವಕ್ಕೆ ಹೋಯಿತು. ಕಲ್ಕತ್ತಾದಲ್ಲಿ ಎಣ್ಣೆ ತುಂಬಿಸಿ, ಬರ್ಮಾ ಕರಾವಳಿಯ ಒಂದು ಊರಿನಲ್ಲಿ ತಂಗಿ, ಮಾರನೆಯ ನಸುಕಿಗೆ ಇಳಿಯಬೇಕೆಂದು ಲೆಕ್ಕ.

ನಾಲ್ಕನೆಯ ಬೆಳಗ್ಗೆ ಶೆಡ್ಡಿನಲ್ಲಿ ನಾನು, ಸಾಹೇಬರು ಇಬ್ಬರೇ. ಅವರು ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಪಕ್ಕದಲ್ಲಿ ಕೂತರು. ಆರು ಇಪ್ಪತ್ತಕ್ಕೆ ಆ ಕೈ ಬಂತು. ಎಂಜಿನ್ ಸದ್ದು ಕೇಳಿಸುತ್ತಿದೆ ಎಂದಿತು. ಆಮೇಲೆ ಮೌನ. ಇದೇ ಹೊತ್ತಿಗೆ ಅಲ್ಲಿ ಬಂದೂಕುಗಳು ಪೊದೆಯಿಂದ ಏಳುತ್ತಿವೆಯೋ ಎಂದು ಕಣ್ಣಿಗೆ ಕಟ್ಟುತ್ತಿತ್ತು. ಆರು ನಲವತ್ತಕ್ಕೆ, ವಿಮಾನ ಇಳಿಯಿತು ಎಂದಿತು. ಮತ್ತೆ ಮೌನ. ಆ ಮೌನದಲ್ಲಿ ಸಾಹೇಬರು ನನ್ನ ಭುಜ ಹಿಡಿದಿದ್ದರು, ಅದು ನನಗೆ ಆಮೇಲೆ ಗೊತ್ತಾದದ್ದು. ಏಳಕ್ಕೆ ಐದು ನಿಮಿಷ ಇರುವಾಗ ಕೊನೆಯ ಸಂದೇಶ: ಮೂವತ್ತೆಂಟು ಜನ ಹತ್ತಿದ್ದಾರೆ, ವಿಮಾನ ಮೇಲೆದ್ದಿತು, ಗುಂಡು ತಗಲಿಲ್ಲ.

ಸಾಹೇಬರು ಕುರ್ಚಿಗೆ ಒರಗಿ ಮುರುಗಾ ಎಂದರು. ನನಗೆ ಮಾತ್ರ ಒಂದು ಸಂಗತಿ ಅರ್ಥವಾಗಲಿಲ್ಲ. ವಿಮಾನ ಮೇಲೆದ್ದಿತು ಎಂದು ಕಳಿಸಿದ್ದು ಅದೇ ಎಡಗೈ. ಹಾಗಾದರೆ ಅವನು ಹತ್ತಲಿಲ್ಲ. ಅಷ್ಟರಲ್ಲಿ ಗರಗರದ ನಡುವೆ ಇನ್ನೊಮ್ಮೆ ಆ ಕೈ ಎದ್ದಿತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ನಾನಿದ್ದೇನೋ ಇಲ್ಲವೋ ಅವನಿಗೆ ತಿಳಿಯದು, ಇದ್ದರೆ ಇರಲಿ ಎಂದು ಕಳಿಸಿದ್ದ.

“ಭಾವ, ಇದ್ಯಾ? ಮಗೂನ ಕಳಿಸಿದೀನಿ. ಅಮ್ಮಂಗೆ ಹೇಳು.”

ಐದನೆಯ ಬೆಳಗ್ಗೆ ಆ ಜಾಗದಲ್ಲಿ ಗರಗರ ಬಿಟ್ಟು ಏನೂ ಇರಲಿಲ್ಲ. ಆರನೆಯ ಬೆಳಗ್ಗೆಯೂ ಇರಲಿಲ್ಲ. ಆಮೇಲೆ ತಿಂಗಳುಗಟ್ಟಲೆ, ನನ್ನ ಡ್ಯೂಟಿ ಇರಲಿ ಇಲ್ಲದಿರಲಿ, ಆರು ಹತ್ತಕ್ಕೆ ಹೋಗಿ ಕೂರುತ್ತಿದ್ದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ಮದರಾಸಿನ ದಾರಿಯಾಗಿ ಬಂದು ಕಂಟೋನ್ಮೆಂಟ್ ಸ್ಟೇಶನ್ನಿನಲ್ಲಿ ಇಳಿದಳು. ಅವಳ ಜೊತೆಗೆ ರಂಗೂನಿನ ಸೈನ್ಯದವರು ಕೊಟ್ಟ ಕಾಗದವೂ ಬಂತು. ವಿಮಾನ ಹೋದ ಮಾರನೆಯ ದಿನ ಊರು ದಂಗೆಯವರ ಕೈಗೆ ಬಿದ್ದಿತ್ತು. ಅವನು ಕೀ ಮುಂದೆಯೇ ಸತ್ತಿದ್ದ. ಅತ್ತೆ ಕಾಗದವನ್ನು ಓದಿಸಿಕೊಂಡು, ಮಡಿಸಿ, ದೇವರ ಗೂಡಿನಲ್ಲಿಟ್ಟಳು. ಅವಳು ಅಳುವುದನ್ನು ನಾವು ನೋಡಿದ್ದು ನಾಲ್ಕು ದಿನ ಕಳೆದ ಮೇಲೆ.

ಆ ಹುಡುಗಿಗೆ ಅವನು ಕಲಿಸಿದ ಹರಕು ಕನ್ನಡ ಬರುತ್ತಿತ್ತು. ಒಂದು ಸಂಜೆ ಊಟಕ್ಕೆ ಕೂತಾಗ ತಾನಾಗಿಯೇ ಹೇಳತೊಡಗಿದಳು. ಅವನ ಬಲಗೈಗೆ ಗುಂಡು ಬಿದ್ದು ಅಂಗೈ ಛಿದ್ರವಾಗಿತ್ತು. ವಿಮಾನ ಬಂದರೆ ಮೊದಲು ಹತ್ತಿಸಬೇಕಾದ ಗಾಯಾಳುಗಳ ಪಟ್ಟಿಯಲ್ಲಿ ಅವನ ಹೆಸರಿತ್ತು. ಅವನು ಹೋದ ಮೇಲೆ ಕೀ ನೋಡಿಕೊಳ್ಳಲು, ಜನ ಸಾಲದೆ ಅಲ್ಲಿಯವರೆಗೆ ಕಂದಕದಲ್ಲಿ ಬಂದೂಕು ಹಿಡಿದಿದ್ದ ಇನ್ನೊಬ್ಬ ಆಪರೇಟರ್ ಇದ್ದ. ವಿಮಾನ ಬರುವ ಹಿಂದಿನ ಮಧ್ಯಾಹ್ನ ಆ ಇನ್ನೊಬ್ಬ ಸತ್ತ. ಕೀ ಬಲ್ಲವರು ಬೇರೆ ಯಾರೂ ಉಳಿಯಲಿಲ್ಲ. ಅದಕ್ಕೇ ಇವನು ಹತ್ತಲಿಲ್ಲ.

“ಒಂದು ದಿನ ಮೊದಲು ಬಂದ್ರೆ, ಅವ್ರೂ ಬರ್ತಿದ್ರು,” ಎಂದಳು. ಅವಳಿಗೆ ಯಾರ ಮೇಲೂ ದೂರಿರಲಿಲ್ಲ.

ಆ ದಿನಗಳು ಎಲ್ಲಿ ಹೋದವೆಂದು ಆ ಮನೆಯಲ್ಲಿ ಬಲ್ಲವನು ನಾನೊಬ್ಬನೇ. ಹೇಳದೇ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಷ್ಟು ಧೈರ್ಯ, ಅಂದರೆ ಹೇಳದೇ ಇರುವ ಧೈರ್ಯ, ನನಗಿರಲಿಲ್ಲ. ಎಲೆಯ ಮುಂದೆ ಕೂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಅವನ ಎಡಗೈ ನನಗೆ ಗುರುತು ಸಿಗಲಿಲ್ಲ, ಅವನಲ್ಲ ಎಂದು ಸಹಿ ಹಾಕಿದೆ, ಎರಡು ದಿನ ವಿಮಾನ ನಿಲ್ಲಿಸಿದವನು ನಾನು ಎಂದೆ. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅತ್ತೆ ಏನು ಅನ್ನುತ್ತಾಳೋ ಎಂದು ತಲೆ ತಗ್ಗಿಸಿ ಕೂತೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಆ ಹೊತ್ತಿಗೆ ಮಗು ಮುಂದಿದ್ದ ತಟ್ಟೆಗೆ ಕೈ ಹಾಕಿತು. ಎಡಗೈ. ತಾಯಿ ಗಾಬರಿಯಾಗಿ ಆ ಕೈಯನ್ನು ಹಿಡಿದು ಹಿಂದಕ್ಕೆಳೆದಳು. ಇಲ್ಲಿಯವರಿಗೆ ಇದು ಹಿಡಿಸುವುದಿಲ್ಲವೆಂದು ಗಂಡನೇ ಹೇಳಿಕೊಟ್ಟಿದ್ದಿರಬೇಕು.

“ಬಿಡವ್ವ ಅದನ್ನ,” ಎಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗಿದಳು. “ಆ ಕೈ ಕಟ್ಟಿ ಹಾಕ್ದೋಳು ನಾನು ಕಣಪ್ಪ. ಕಟ್ಟದೆ ಬಿಟ್ಟಿದ್ರೆ ಅವನ ಕೈ ಅದೇ ಆಗಿರೋದು. ನೀನು ಕೇಳಿದ ತಕ್ಷಣ ಗುರುತು ಹಿಡಿತಿದ್ದೆ.”

ತಟ್ಟೆಯನ್ನು ಮಗುವಿನ ಎಡಗಡೆಗೆ ಸರಿಸಿ, ಮುದ್ದೆಯನ್ನು ಚಿಕ್ಕದಾಗಿ ಮುರಿದಿಟ್ಟಳು.